ಖಾಲಿ ಇದೆ, ಹೆದರಬೇಡಿ

ಕಂಪನಿಯ ಕೃಪೆಯಿಂದ ಕಳೆದ ಶನಿವಾರ ನಾನೂ ಯುದ್ಧ ಮಾಡಿ ಬಂದೆ. ಬೆಂಗಳೂರಿನಾಚೆಯ ರೆಸಾರ್ಟ್, ಇಡ್ಲಿ-ವಡೆ, ಆಮೇಲೆ ಪೇಂಟ್‌ಬಾಲ್, ಅಂದರೆ ಗಾಳಿಯ ಒತ್ತಡದ ಬಂದೂಕಿನಿಂದ ಬಣ್ಣ ತುಂಬಿದ ಗುಂಡು ಹೊಡೆದಾಡುವ ಆಟ. ಬಲೆ ಕಟ್ಟಿದ ಮೈದಾನದೊಳಗೆ ನಾವು ಎಂಥ ಶಿಸ್ತಿನ ಸಿಪಾಯಿಗಳು! ಮಾಸ್ಕಿಗೆ ಕೈ ಹಾಕಿದರೂ ಸೀಟಿ.

ಬಲೆ ದಾಟಿದ್ದೇ ತಡ, ಮಾಸ್ಕ್ ಹಣೆಗೇರಿತು. ಹೆಲ್ಮೆಟ್ಟನ್ನು ಮೊಣಕೈಗೆ ತೊಡಿಸಿ ಸ್ಕೂಟರ್ ಓಡಿಸುವವರಿಗೆ ಇದೇನು ಹೊಸದೇ? ಬಂದೂಕುಗಳು ಚಟ್ನಿ ಬಟ್ಟಲಿನ ಪಕ್ಕ ಮಲಗಿದವು. ಅಕಸ್ಮಾತ್ ಹಾರಿದ ಗುಂಡನ್ನು ತಡೆಯಲೆಂದು ನಳಿಕೆಯ ಬಾಯಿಗೆ ತೊಡಿಸಬೇಕಾದ ಬಟ್ಟೆಚೀಲದೊಳಗೆ ನಮ್ಮ ಲೆಕ್ಕಪತ್ರ ವಿಭಾಗದವರ ಮೊಬೈಲ್ ಬೆಚ್ಚಗೆ ಕೂತಿತ್ತು. ಮೊಬೈಲ್ ಹಾರಿ ಯಾರಿಗಾದರೂ ಬಡಿದೀತೆಂಬ ಮುಂಜಾಗ್ರತೆ ಇರಬೇಕು.

ಅಂದ ಹಾಗೆ, ಈ ಆಟದ ಮೊದಲ ಬಂದೂಕು ಅಮೆರಿಕದಲ್ಲಿ ಮರಗಳಿಗೂ ದನಗಳಿಗೂ ಬಣ್ಣದ ಗುರುತು ಹಾಕಲು ಮಾಡಿದ್ದು. 1981ರ ಜೂನ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಹೆನಿಕರ್‌ನಲ್ಲಿ 12 ಮಂದಿ ಅದನ್ನು ಹಿಡಿದು ಕಾಡು ಹೊಕ್ಕರು. ಗೆದ್ದವನು ಒಂದೂ ಗುಂಡು ಹಾರಿಸದೆ ಬಾವುಟಗಳನ್ನು ಎತ್ತಿಕೊಂಡು ಬಂದ! ನಮ್ಮ ಕಚೇರಿಯಲ್ಲಾಗಿದ್ದರೆ ‘ಉತ್ಸಾಹ ಸಾಲದು’ ಎಂದು ಬರೆದು ಅವನ ಇನ್‌ಕ್ರಿಮೆಂಟ್ ಕತ್ತರಿಸುತ್ತಿದ್ದರು.

ಉತ್ಸಾಹವೆಂದರೆ ನಮ್ಮ ಮ್ಯಾನೇಜರ್. ಹೊಸದಾಗಿ ಸೇರಿದ ಹುಡುಗಿಯ ಕಿವಿಗೆ ನಳಿಕೆ ತಾಗಿಸಿ ಸೆಲ್ಫಿಗೆ ನಿಂತರು. “ಖಾಲಿ ಇದೆ, ಹೆದರಬೇಡಿ.”

“ಸರ್, ಗುಂಡು ತುಂಬಿದ ಮೇಲಿನ ಡಬ್ಬಿ ತೆಗೆದರೂ ಒಳಗೊಂದು ಗುಂಡು ಉಳಿದಿರಬಹುದು. ಗಾಳಿಯ ಸಿಲಿಂಡರ್ ಕಳಚಿದರೂ ಬಂದೂಕಿನೊಳಗೆ ಉಳಿದ ಗಾಳಿ ಅದನ್ನು ಹಾರಿಸಲು ಸಾಕು” ಎಂದೆ.

“ನಿಮ್ಮದು ಯಾವಾಗಲೂ ಅಪಶಕುನ” ಎಂದವರು, ಸಾಬೀತು ಮಾಡಲೆಂದು ಪಕ್ಕಕ್ಕೆ ತಿರುಗಿ ಕುದುರೆ ಎಳೆದರು. ಫಟ್! ಕಾಫಿ ತಟ್ಟೆ ಹಿಡಿದು ಬರುತ್ತಿದ್ದ ಹುಡುಗನ ತಲೆಯಿಂದ ಒಂದು ಗೇಣು ಮೇಲೆ, ಸುಣ್ಣದ ಗೋಡೆಗೆ ಕಿತ್ತಳೆ ಬಣ್ಣ. ಎಲ್ಲರೂ ಚಪ್ಪಾಳೆ ತಟ್ಟಿದರು.

ಚಪ್ಪಾಳೆ! ಆ ಗುಂಡು 3 ಗ್ರಾಂ ಇರಬಹುದು, ಆದರೆ ಸೆಕೆಂಡಿಗೆ 300 ಅಡಿಯವರೆಗೂ ಹಾರುತ್ತದೆ. ಆ ವೇಗದಲ್ಲಿ ಹೋದರೆ ಮೈಸೂರಿನಿಂದ ಬೆಂಗಳೂರಿಗೆ ಅರ್ಧ ಗಂಟೆಯೂ ಬೇಡ. ತೊಡೆಗೆ ಬಿದ್ದರೆ ಬಾಸುಂಡೆ, ವಾರದಲ್ಲಿ ಮಾಯುತ್ತದೆ. ಕಣ್ಣಿಗೆ ಬಿದ್ದರೆ ಗುಡ್ಡೆಯೇ ಒಡೆಯಬಹುದು. ಮೈದಾನದೊಳಗೆ ಎಲ್ಲರಿಗೂ ಮಾಸ್ಕ್ ಇತ್ತು. ಕಾಫಿ ತರುವ ಹುಡುಗನಿಗೆ ಯಾರು ಕೊಟ್ಟಿದ್ದರು? ಒಂದು ಚೀಲ ತೊಡಿಸಲು ಎರಡು ಸೆಕೆಂಡು ಸಾಕಲ್ಲವೇ? ಅಷ್ಟೂ ಆಗುವುದಿಲ್ಲ ನಮಗೆ. ಹೇಳಿ ಹೇಳಿ ನನಗೂ ಸಾಕಾಗಿದೆ.

ಫೋಟೊ ಈಗ ಕಚೇರಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿದೆ. ಮುಂದೆ ಮ್ಯಾನೇಜರ್ ಹಲ್ಲು ಕಿರಿದು ನಿಂತಿದ್ದಾರೆ. ಹಿಂದೆ, ಒದ್ದೆ ಬಟ್ಟೆ ಹಿಡಿದು ಗೋಡೆ ಒರೆಸುತ್ತಿರುವ ಹುಡುಗನ ಬೆನ್ನು.