ತಲೆದಿಂಬಿನ ಪಕ್ಕದ ಒಕ್ಕೂಟ

ಯುರೋಪಿಗೆ ಕೆಲಸಕ್ಕೆಂದು ಬಂದು ನೆಲೆಸಿದ ನಮ್ಮವರ ಮಲಗುವ ಕೋಣೆಗಳಲ್ಲಿ ಇಂದಿಗೂ ಅಲಾರಂ, ರೇಡಿಯೊ, ಸಿಡಿ ಮೂರೂ ಒಂದರಲ್ಲೇ ಇರುವ ಒಂದು ಪೆಟ್ಟಿಗೆ ಕಾಣಸಿಗುತ್ತದೆ. ಮುಖದಲ್ಲಿ ಕೆಂಪು ಅಂಕಿಗಳ ಗಡಿಯಾರ, ಬೆನ್ನಿನಿಂದ ಇಳಿಬಿದ್ದ ಎಫ್‌ಎಂ ಆಂಟೆನಾದ ತಂತಿ, ನೆತ್ತಿಯ ಮುಚ್ಚಳ ಎತ್ತಿದರೆ ಸಿಡಿ ಕೂರಿಸುವ ಜಾಗ. ಹೊಸದಾಗಿ ಬಂದವನು ಮೊದಲ ಸಂಬಳದಲ್ಲಿ ಇದನ್ನು ಕೊಳ್ಳುತ್ತಿದ್ದುದಕ್ಕೆ ಕಾರಣವಿತ್ತು. ಊರಿನಲ್ಲಿ ಅವನನ್ನು ಎಬ್ಬಿಸಲು ಅಡುಗೆಮನೆಯಿಂದ ಅಮ್ಮನ ಕೂಗು, ಬೀದಿ ಕೊನೆಯ ದೇವಸ್ಥಾನದ ಮೈಕು, ಹಾಲಿನವನ ಬೆಲ್ಲು, ಇವು ಯಾವುವಕ್ಕೂ ಬಗ್ಗದಿದ್ದರೆ ಮುಖಕ್ಕೆ ಎರಚಲು ಒಂದು ಚೊಂಬು ನೀರು ಸಿದ್ಧವಿರುತ್ತಿದ್ದವು. ಜ್ಯೂರಿಕ್‌ನ ಬಾಡಿಗೆ ಮನೆಯಲ್ಲಾದರೋ ರಾತ್ರಿ ಹತ್ತರ ನಂತರ ಯಾರೂ ಸದ್ದು ಮಾಡಕೂಡದೆಂಬ ನಿಯಮವಷ್ಟೇ ಅವನನ್ನು ಎದುರುಗೊಂಡಿತು. ಇನ್ನು ಮುಂದೆ ಯಾರ ಹಂಗೂ ಇಲ್ಲದೆ ತಾನೇ ಏಳುತ್ತೇನೆಂಬ ಸ್ವಾತಂತ್ರ್ಯ ಘೋಷಣೆಯಾಗಿ ಆ ಪೆಟ್ಟಿಗೆ ತಲೆದಿಂಬಿನ ಪಕ್ಕಕ್ಕೆ ಬಂತು. ಒಬ್ಬ ಮನುಷ್ಯ ಬೆಳಗ್ಗೆ ಆರೂವರೆಗೆ ಎಚ್ಚರಗೊಳ್ಳಬೇಕಾದರೆ 25 ದೇಶಗಳ ಸಹಕಾರ, ಒಂದು ಪ್ರಸಾರ ಸಂಸ್ಥೆಯ ಕೃಪೆ ಮತ್ತು ಯುರೋಪಿಯನ್ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನಲ್ಲಿ ಇನ್ನೂ ಮುಗಿಯದ ಒಂದು ಚರ್ಚೆಯ ತೀರ್ಮಾನ ಬೇಕಾಗುತ್ತದೆ ಎಂಬ ಸಂಗತಿಯನ್ನು, ನಾನಾ ಭಾಷೆಗಳಲ್ಲಿ ಅಚ್ಚಾಗಿದ್ದ ಅದರ ಕೈಪಿಡಿ ಯಾವ ಭಾಷೆಯಲ್ಲಿಯೂ ತಿಳಿಸಿರಲಿಲ್ಲ.

ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಈ ಜಾತಿಯ ಬಹುಪಾಲು ಗಡಿಯಾರಗಳಿಗೆ ಸಮಯ ತಿಳಿಯದು. ಅವುಗಳಿಗೆ ತಿಳಿದಿರುವುದು ಎಣಿಕೆ ಮಾತ್ರ. ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತನಗಳಂತೆ ಏರಿಳಿಯುತ್ತದೆ. ಪೆಟ್ಟಿಗೆಯೊಳಗಿನ ಎಲೆಕ್ಟ್ರಾನಿಕ್ ಚಿಪ್ ಆ ಆವರ್ತನಗಳನ್ನು ಎಣಿಸುತ್ತ, 3,000 ಆದಾಗ ಒಂದು ನಿಮಿಷವೆಂದೂ 43,20,000 ಆದಾಗ ಒಂದು ದಿನವೆಂದೂ ನಂಬಿ ಅಂಕಿ ಬದಲಿಸುತ್ತದೆ. ಹೀಗೆ ಮಾಡುವುದರಿಂದ ಗಡಿಯಾರಕ್ಕೆಂದು ಪ್ರತ್ಯೇಕ ಸ್ಫಟಿಕ (ತನ್ನ ಕಂಪನದಿಂದಲೇ ಸೆಕೆಂಡನ್ನು ಅಳೆಯುವ ಕ್ವಾರ್ಟ್ಜ್ ಹರಳು) ಹಾಕುವ ಖರ್ಚು ತಯಾರಕನಿಗೆ ಉಳಿಯಿತು, ಸಮಯ ಕಾಯುವ ಹೊಣೆ ವಿದ್ಯುತ್ ಜಾಲದ ಅಧಿಕಾರಿಗಳ ತಲೆಗೆ ಬಿತ್ತು. ಅವರೂ ಅದನ್ನು ಶ್ರದ್ಧೆಯಿಂದಲೇ ಹೊತ್ತರು. ಯುರೋಪ್ ಖಂಡದ ಜಾಲದಲ್ಲಿ ಹರಿದ ಆವರ್ತನಗಳಿಗೂ ನಿಜವಾದ ಕಾಲಕ್ಕೂ ಎಷ್ಟು ಅಂತರ ಬಿದ್ದಿದೆ ಎಂಬುದನ್ನು ಸ್ವಿಟ್ಜರ್ಲೆಂಡಿನ ಸ್ವಿಸ್‌ಗ್ರಿಡ್ ಸಂಸ್ಥೆ ಲೆಕ್ಕವಿಡುತ್ತದೆ. ಅಂತರ 20 ಸೆಕೆಂಡುಗಳನ್ನು ದಾಟಿದರೆ ಇಡೀ ಖಂಡದ ಜಾಲವನ್ನು 50.01 ಅಥವಾ 49.99 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ ಅಷ್ಟು ಆವರ್ತನಗಳ, ಗುರಿಗೆ ಹೊಂದಿಸಿ, ಗಡಿಯಾರಗಳಿಗೆ ಅರಿವಿಲ್ಲದಂತೆಯೇ ಅವುಗಳ ತಪ್ಪನ್ನು ತಿದ್ದಲಾಗುತ್ತದೆ.

2018ರ ಜನವರಿ ಮಧ್ಯದಿಂದ ಈ ಏರ್ಪಾಡು ಕೈಕೊಟ್ಟಿತು. ಜಾಲದ ಆವರ್ತನ ಸರಾಸರಿ 49.996 ಹರ್ಟ್ಸ್‌ನಲ್ಲಿ ನಿಂತುಬಿಟ್ಟಿತು. ಬಲ್ಬು ಮಂಕಾಗಲಿಲ್ಲ, ಫ್ರಿಜ್ ನಿಲ್ಲಲಿಲ್ಲ, ಯಾರಿಗೂ ಏನೂ ಅನ್ನಿಸಲಿಲ್ಲ. ಗಡಿಯಾರಗಳು ಮಾತ್ರ ದಿನಕ್ಕೆ ಸುಮಾರು ಏಳು ಸೆಕೆಂಡಿನಂತೆ ಹಿಂದೆ ಬೀಳುತ್ತ ಹೋದವು. ಮಾರ್ಚ್ ಮೊದಲ ವಾರದ ಹೊತ್ತಿಗೆ ಸ್ಪೇನ್‌ನಿಂದ ಟರ್ಕಿಯವರೆಗೆ, ಪೋಲೆಂಡ್‌ನಿಂದ ನೆದರ್ಲೆಂಡ್ಸ್‌ವರೆಗೆ 25 ದೇಶಗಳಲ್ಲಿ ಕರೆಂಟನ್ನು ನಂಬಿದ ಅಲಾರಂಗಳೂ ಓವನ್ನಿನ ಗಡಿಯಾರಗಳೂ ಸುಮಾರು ಆರು ನಿಮಿಷ ಹಿಂದಿದ್ದವು. ಭಾರತೀಯರ ಸಮಯಪ್ರಜ್ಞೆಯ ಬಗ್ಗೆ ಕಾಫಿ ಯಂತ್ರದ ಬಳಿ ನಗೆಮಾತಾಡುತ್ತಿದ್ದ ಸಹೋದ್ಯೋಗಿಗಳ ಇಡೀ ಖಂಡವೇ ತಡವಾಗಿ ಏಳುತ್ತಿತ್ತು, ಮತ್ತು ಅದು ಅವರಿಗೆ ತಿಳಿದಿರಲಿಲ್ಲ. ಸ್ನೂಜ್ ಗುಂಡಿ ಒತ್ತಿ ಪಡೆಯುವ ಒಂಬತ್ತು ನಿಮಿಷ ನಮ್ಮ ಸೋಮಾರಿತನದ ಫಲ, ಅದನ್ನು ಒಪ್ಪಲೇಬೇಕು. ಅದರ ಮೇಲಿನ ಆರು ನಿಮಿಷ ಮಾತ್ರ ಶುದ್ಧ ಅಂತರರಾಷ್ಟ್ರೀಯ ರಾಜಕೀಯದ ಕೊಡುಗೆ.

ರಾಜಕೀಯ ನಡೆದದ್ದು ಬಾಲ್ಕನ್ ಪ್ರದೇಶದಲ್ಲಿ. ಕೊಸೊವೊ 2008ರಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡಿತು, ಸರ್ಬಿಯಾ ಅದನ್ನು ಒಪ್ಪಲಿಲ್ಲ. ಕೊಸೊವೊದ ಉತ್ತರ ಭಾಗದಲ್ಲಿರುವ ಸರ್ಬ್ ಜನಾಂಗದವರು 1999ರ ಯುದ್ಧದ ನಂತರ ಕೊಸೊವೊಗೆ ವಿದ್ಯುತ್ ಬಿಲ್ ಕಟ್ಟುತ್ತಿರಲಿಲ್ಲ. ಆ ಬಾಕಿಯನ್ನು ಉಳಿದ ಗ್ರಾಹಕರ ಬಿಲ್ಲಿಗೆ ಹಂಚುವ ಪದ್ಧತಿ ನಿಂತುಹೋದ ಮೇಲೆ, ಉಪಯೋಗಿಸಿದ ಕರೆಂಟಿಗೂ ಉತ್ಪಾದಿಸಿದ ಕರೆಂಟಿಗೂ ತಾಳೆಯಾಗದೆ, ಕೊಸೊವೊ ಜಾಲದಿಂದ ತನ್ನ ಪಾಲಿಗಿಂತ ಹೆಚ್ಚು ಎಳೆದುಕೊಂಡಿತು. ಬಳಕೆ ಉತ್ಪಾದನೆಯನ್ನು ಮೀರಿದರೆ ಇಡೀ ಜಾಲದ ಆವರ್ತನ ಇಳಿಯುತ್ತದೆ. ಆ ಕೊರತೆಯನ್ನು ತುಂಬಬೇಕಾದವರು ಯಾರು ಎಂದು ಕೇಳಿದರೆ ಕೊಸೊವೊ ಸರ್ಬಿಯಾವನ್ನು ತೋರಿಸುತ್ತಿತ್ತು, ಸರ್ಬಿಯಾ ಕೊಸೊವೊವನ್ನು ತೋರಿಸುತ್ತಿತ್ತು. ವಿದ್ಯುತ್ ಪ್ರಸರಣ ಸಂಸ್ಥೆಗಳ ಯುರೋಪಿಯನ್ ಒಕ್ಕೂಟವು ಲೆಕ್ಕ ಹಾಕಿ, ಒಟ್ಟು 113 ಗಿಗಾವ್ಯಾಟ್-ಗಂಟೆ, ಅಂದರೆ ನಮ್ಮ ಬಿಲ್ಲಿನ ಭಾಷೆಯಲ್ಲಿ 11.3 ಕೋಟಿ ಯೂನಿಟ್, ನಾಪತ್ತೆಯಾಗಿದೆ ಎಂದು ಪ್ರಕಟಿಸಿತು. ನಮ್ಮ ಪೆಟ್ಟಿಗೆಯ ಲೆಕ್ಕದಲ್ಲಿ ಆ ನಷ್ಟವೆಂದರೆ ಬಾರದೆ ಹೋದ ಸುಮಾರು 18,000 ಆವರ್ತನಗಳು.

ಇದರಲ್ಲಿ ರಾಜತಾಂತ್ರಿಕರು ಗಮನಿಸದ ಒಂದು ಸೊಗಸಿದೆ. ಯುರೋಪಿಯನ್ ಒಕ್ಕೂಟದ ಐದು ಸದಸ್ಯ ದೇಶಗಳು ಕೊಸೊವೊ ಎಂಬ ದೇಶವೇ ಇಲ್ಲವೆಂಬ ನಿಲುವು ತಳೆದಿದ್ದವು, ಅವುಗಳಲ್ಲಿ ಸ್ಪೇನ್ ಒಂದು. ಮ್ಯಾಡ್ರಿಡ್‌ನ ವಿದೇಶಾಂಗ ಸಚಿವಾಲಯ ಮಾನ್ಯ ಮಾಡದ ಕೊಸೊವೊವನ್ನು ಮ್ಯಾಡ್ರಿಡ್‌ನ ಮಲಗುವ ಕೋಣೆಗಳ ಅಲಾರಂಗಳು ಯಾವ ಷರತ್ತೂ ಇಲ್ಲದೆ ಮಾನ್ಯ ಮಾಡಿದವು. ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್‌ನ ಅಲಾರಂಗಳೂ ಹಾಗೆಯೇ ನಡೆದುಕೊಂಡವು. ವಿಶ್ವಸಂಸ್ಥೆಯಲ್ಲಿ ಹತ್ತು ವರ್ಷ ಓಡಾಡಿ ಪಡೆಯಲಾಗದ ಸರ್ವಸಮ್ಮತಿಯನ್ನು ಒಂದು ಪುಟ್ಟ ದೇಶ ಪ್ಲಗ್ಗಿನ ಮೂಲಕ ಏಳೆಂಟು ವಾರಗಳಲ್ಲಿ ಸಾಧಿಸಿತೆಂದರೆ, ಗಡಿಯಾರ ತಯಾರಕರಿಗೆ ಒಂದು ಶಾಂತಿ ಪ್ರಶಸ್ತಿಯನ್ನಾದರೂ ಕೊಡಬೇಕಿತ್ತು.

ಸ್ವಿಟ್ಜರ್ಲೆಂಡಿನ ಮಟ್ಟಿಗೆ ಅವಮಾನ ಇನ್ನೂ ಸೂಕ್ಷ್ಮವಾದುದು. ಇಲ್ಲಿಯ ರೈಲು ನಿಲ್ದಾಣದ ಗಡಿಯಾರದಲ್ಲಿ ಕೆಂಪು ಸೆಕೆಂಡ್ ಮುಳ್ಳು ಸುಮಾರು 58.5 ಸೆಕೆಂಡಿನಲ್ಲಿ ಒಂದು ಸುತ್ತು ಮುಗಿಸಿ, ಹನ್ನೆರಡರ ಜಾಗದಲ್ಲಿ ನಿಂತು, ಕೇಂದ್ರ ಗಡಿಯಾರದಿಂದ ನಿಮಿಷದ ಅಪ್ಪಣೆ ಬಂದ ಮೇಲಷ್ಟೇ ಮುಂದಕ್ಕೆ ಹೊರಡುತ್ತದೆ. ಸೆಕೆಂಡ್ ಮುಳ್ಳಿಗೂ ಅನುಮತಿ ಪತ್ರ ಬೇಕಾದ ದೇಶವಿದು. ಆ ನಿಲ್ದಾಣಕ್ಕೆ ಹೊರಟವರನ್ನು ಎಬ್ಬಿಸಬೇಕಾದ ಪೆಟ್ಟಿಗೆಯ ಅನುಮತಿ ಪತ್ರ ಮಾತ್ರ ಕೊಸೊವೊದ ರಾಜಧಾನಿ ಪ್ರಿಸ್ಟಿನಾ ಮತ್ತು ಬೆಲ್‌ಗ್ರೇಡ್ ನಡುವೆ ಎಲ್ಲೋ ಸಿಕ್ಕಿಬಿದ್ದಿತ್ತು.

ಮಾರ್ಚ್ ಎರಡನೇ ವಾರದಲ್ಲಿ ಎಲ್ಲರೂ ಎಚ್ಚೆತ್ತರು, ಎಳೆತ ನಿಂತಿತು. ಕಳೆದುಹೋದ ಆರು ನಿಮಿಷಗಳನ್ನು ಖಂಡಕ್ಕೆ ಹಿಂದಿರುಗಿಸಲು ಜಾಲವನ್ನು 50.01 ಹರ್ಟ್ಸ್‌ಗೆ ಏರಿಸಿ, ಏಪ್ರಿಲ್ ಮೊದಲ ವಾರದ ಹೊತ್ತಿಗೆ ಲೆಕ್ಕ ಚುಕ್ತಾ ಮಾಡಲಾಯಿತು. ಇದರ ಪರಿಣಾಮವನ್ನು ನಿಧಾನವಾಗಿ ಯೋಚಿಸಬೇಕು. ಪತ್ರಿಕೆಯಲ್ಲಿ ಸುದ್ದಿ ಓದಿ, ಹೊಣೆಯರಿತ ನಾಗರಿಕನಾಗಿ, ಅಂದೇ ತನ್ನ ಗಡಿಯಾರವನ್ನು ಆರು ನಿಮಿಷ ಮುಂದಕ್ಕೆ ತಿರುಗಿಸಿದವನ ಗಡಿಯಾರ ಏಪ್ರಿಲ್‌ನಲ್ಲಿ ಆರು ನಿಮಿಷ ಮುಂದೆ ಓಡುತ್ತಿತ್ತು. ಸುದ್ದಿಯನ್ನೇ ಓದದ, ಓದಿದರೂ ಎದ್ದು ಗುಂಡಿ ಒತ್ತದ ಮೈಗಳ್ಳನ ಗಡಿಯಾರ ತನ್ನಷ್ಟಕ್ಕೆ ತಾನೇ ಸರಿಹೋಯಿತು. ಇಷ್ಟೂ ಸಾಲದೆಂಬಂತೆ ಮರುಪಾವತಿಯ ನಟ್ಟನಡುವೆ, ಮಾರ್ಚ್ 25ರ ಭಾನುವಾರ, ಯುರೋಪಿನ ಗಡಿಯಾರಗಳನ್ನೆಲ್ಲ ಬೇಸಿಗೆಕಾಲದ ನಿಯಮದಂತೆ ಒಂದು ಗಂಟೆ ಮುಂದಕ್ಕೆ ತಿರುಗಿಸಬೇಕಿತ್ತು. ಹೇಗೂ ಗಂಟೆ ತಿದ್ದುತ್ತಿದ್ದೇವೆ, ನಿಮಿಷವನ್ನೂ ತಿದ್ದಿಬಿಡೋಣ ಎಂದುಕೊಂಡ ಸಜ್ಜನರಿಗೆ, ಆ ಮೇಲೆ ವಾಪಸ್ಸು ಬಂದ ನಿಮಿಷಗಳು ಬೇಡದ ಬಡ್ಡಿಯಾಗಿ ಅಂಟಿಕೊಂಡವು.

ಈ ಸುದ್ದಿಯನ್ನು ಊರಿಗೆ ಫೋನ್ ಮಾಡಿ ಹೇಳಿದರೆ ಯಾರೂ ನಂಬುವುದಿಲ್ಲ, ಅದಕ್ಕೆ ಕಾರಣವೂ ಇದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೊವೋಲ್ಟ್ ಮಾರ್ಗ ಚಾಲೂ ಆದಾಗಿನಿಂದ ದಕ್ಷಿಣ ಭಾರತದ ವಿದ್ಯುತ್ತೂ ಉಳಿದ ದೇಶದೊಂದಿಗೆ ಒಂದೇ ಆವರ್ತನದಲ್ಲಿ ಮಿಡಿಯುತ್ತಿದೆ. ಅಂದಿನಿಂದ ತಾತ್ವಿಕವಾಗಿ ರಾಯಚೂರಿನ ಅಲಾರಂ ಪಂಜಾಬಿನ ಪಂಪ್‌ಸೆಟ್ಟುಗಳಿಗೆ ಉತ್ತರಿಸಬೇಕು. ಆದರೆ ಅಂಥ ಜಗಳ ನಮ್ಮಲ್ಲಿ ಹುಟ್ಟಿಕೊಳ್ಳಲೇ ಇಲ್ಲ, ಏಕೆಂದರೆ ಕರೆಂಟನ್ನು ನಂಬಿ ಸಮಯವನ್ನು ಒಪ್ಪಿಸುವಷ್ಟು ಮುಗ್ಧತೆಯನ್ನು ಲೋಡ್ ಶೆಡ್ಡಿಂಗ್ ನಮ್ಮಲ್ಲಿ ಉಳಿಸಿಲ್ಲ. ನಾವು ಗೋಡೆ ಗಡಿಯಾರಕ್ಕೆ ಶೆಲ್ಲು ಹಾಕುತ್ತೇವೆ. ಯಾರೋ ವಿದೇಶದಿಂದ ತಂದುಕೊಟ್ಟ ಇಂಥ ಪೆಟ್ಟಿಗೆ ಅಪರೂಪಕ್ಕೆ ಮನೆಯಲ್ಲಿದ್ದರೂ, ಕರೆಂಟು ಹೋಗಿ ಬಂದ ಕೂಡಲೇ ಅದು 12:00 ಎಂದು ಮಿಟುಕಿಸುತ್ತ, ತನಗೆ ಸಮಯ ಗೊತ್ತಿಲ್ಲವೆಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತದೆ. 2018ರಲ್ಲಿ ಯುರೋಪಿನ ಪೆಟ್ಟಿಗೆಗಳು ಮಿಟುಕಿಸದೆ, ಅಳುಕದೆ, ಪೂರ್ಣ ಆತ್ಮವಿಶ್ವಾಸದಿಂದ ಸುಳ್ಳು ಹೇಳಿದವು.

ಬೇಸಿಗೆಕಾಲದ ಗಂಟೆಯ ಪ್ರಸ್ತಾಪ ಬಂದದ್ದರಿಂದ ಅದನ್ನೂ ಹೇಳಿಬಿಡಬೇಕು. ಅಗ್ಗದ ಪೆಟ್ಟಿಗೆಗಳಲ್ಲಿ ಗಂಟೆಯನ್ನು ಮುಂದಕ್ಕೆ ತಳ್ಳುವ ಗುಂಡಿ ಇರುತ್ತದೆ, ಹಿಂದಕ್ಕೆ ಎಳೆಯುವ ಗುಂಡಿ ಇರುವುದಿಲ್ಲ. ಹೀಗಾಗಿ ಅಕ್ಟೋಬರ್‌ನ ಕೊನೆಯ ಭಾನುವಾರ ಒಂದು ಗಂಟೆ ಹಿಂದಕ್ಕೆ ಹೋಗಲು 23 ಗಂಟೆ ಮುಂದಕ್ಕೆ ಪ್ರಯಾಣಿಸಬೇಕು. ನಿದ್ದೆಗಣ್ಣಿನಲ್ಲಿ ಒಂದು ಸಲ ಹೆಚ್ಚಾಗಿ ಒತ್ತಿದರೆ ಮತ್ತೆ ಇಡೀ ದಿನವನ್ನು ಸುತ್ತಿಬರಬೇಕು. ಈ ಶಿಕ್ಷೆಯಿಂದ ಬಿಡುಗಡೆ ಬೇಕೇ ಎಂದು ಯುರೋಪಿಯನ್ ಆಯೋಗ 2018ರ ಬೇಸಿಗೆಯಲ್ಲಿ ಜನರನ್ನೇ ಕೇಳಿತು. 46 ಲಕ್ಷ ಉತ್ತರಗಳು ಬಂದವು, ಅವುಗಳಲ್ಲಿ ಶೇ. 84ರಷ್ಟು ಬೇಕೇ ಬೇಕು ಎಂದವು. 2019ರ ಮಾರ್ಚ್‌ನಲ್ಲಿ ಯುರೋಪಿಯನ್ ಸಂಸತ್ತು 410–192 ಮತಗಳಿಂದ, 2021ರಲ್ಲಿ ಈ ಪದ್ಧತಿ ಕೊನೆಯಾಗಲೆಂದು ನಿರ್ಣಯಿಸಿತು. ಆದರೆ ಕೊನೆಯಾಗುವಾಗ ಬೇಸಿಗೆಯ ಗಂಟೆಯಲ್ಲಿ ನಿಲ್ಲಬೇಕೋ ಚಳಿಗಾಲದ ಗಂಟೆಯಲ್ಲಿ ನಿಲ್ಲಬೇಕೋ ಎಂಬ ವಿಷಯದಲ್ಲಿ ಸದಸ್ಯ ಸರ್ಕಾರಗಳಿಗೆ ಒಮ್ಮತ ಮೂಡದೆ, 2021 ಬಂದು ಹೋಯಿತು. 2025ರ ಅಕ್ಟೋಬರ್‌ನಲ್ಲಿ ಸ್ಪೇನ್‌ನ ಪ್ರಧಾನಿ ಇದೇ ಬೇಡಿಕೆಯನ್ನು ಹೊಸದೆಂಬಂತೆ ಮತ್ತೊಮ್ಮೆ ಮಂಡಿಸಿದರು. ಒಂದು ಗಂಟೆ ಉಳಿಸುವ ಯೋಜನೆಯ ಬಗ್ಗೆ ಚರ್ಚಿಸುತ್ತ ಒಂದು ಖಂಡ ಕಳೆದುಕೊಂಡಿರುವ ಗಂಟೆಗಳನ್ನು ಎಣಿಸಲು ನಮ್ಮ ಪೆಟ್ಟಿಗೆಯ ಚಿಪ್‌ನ ಶಕ್ತಿ ಸಾಲದು. ಸ್ವಿಸ್ ಜನರಂತೂ 1978ರಲ್ಲಿಯೇ ಮತ ಹಾಕಿ ಬೇಸಿಗೆಯ ಗಂಟೆ ಬೇಡವೆಂದಿದ್ದರು. ನೆರೆಯ ದೇಶಗಳೆಲ್ಲ ಅದನ್ನು ಒಪ್ಪಿಕೊಂಡುದರಿಂದ 1980ರ ಬೇಸಿಗೆಯಲ್ಲಿ ಸ್ವಿಟ್ಜರ್ಲೆಂಡ್ ಏಕಾಂಗಿಯಾಗಿ ಒಂದು ಗಂಟೆ ಹಿಂದೆ ಉಳಿಯಿತು, ಗಡಿ ದಾಟುವ ರೈಲುಗಳ ವೇಳಾಪಟ್ಟಿ ಗೋಜಲಾಯಿತು. 1981ರಿಂದ ಜನಮತವನ್ನು ಗೌರವದಿಂದ ಬದಿಗಿಟ್ಟು ಗಡಿಯಾರಗಳನ್ನು ತಿರುಗಿಸಲಾಯಿತು.

ಇನ್ನು ರೇಡಿಯೊ. 2024ರ ಡಿಸೆಂಬರ್ 31ರಂದು ಸ್ವಿಟ್ಜರ್ಲೆಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎಫ್‌ಎಂ ಪ್ರಸಾರವನ್ನು ನಿಲ್ಲಿಸಿ ಡಿಜಿಟಲ್‌ಗೆ ಹೋಯಿತು. ನಾರ್ವೆ 2017ರಲ್ಲಿಯೇ ರಾಷ್ಟ್ರೀಯ ಕೇಂದ್ರಗಳ ಮಟ್ಟಿಗೆ ಈ ಕೆಲಸ ಮುಗಿಸಿತ್ತು. ಹಳೆಯ ಪೆಟ್ಟಿಗೆಯಲ್ಲಿ ಸುದ್ದಿ ಕೇಂದ್ರಕ್ಕೆ ಮುಳ್ಳು ಇಟ್ಟು ಮಲಗಿದ್ದವರಿಗೆ ಹೊಸ ವರ್ಷದ ಬೆಳಗ್ಗೆ ಕೇಳಿಬಂದದ್ದು ಶುದ್ಧ ‘ಶ್’ ಸದ್ದು. ನಿದ್ದೆ ಬಾರದವರು ಇದೇ ಸದ್ದನ್ನು ಮೊಬೈಲಿನಲ್ಲಿ ಹಣ ಕೊಟ್ಟು ಕೇಳುತ್ತಾರೆ ಎಂಬುದನ್ನು ನೆನೆದರೆ, ಎಬ್ಬಿಸುವ ಯಂತ್ರವನ್ನು ಮಲಗಿಸುವ ಯಂತ್ರವಾಗಿ ಉಚಿತವಾಗಿ ಮಾರ್ಪಡಿಸಿಕೊಟ್ಟ ಈ ಸುಧಾರಣೆಯನ್ನು ಮೆಚ್ಚಲೇಬೇಕು. ಹಲವು ಖಾಸಗಿ ಕೇಂದ್ರಗಳು ಎಫ್‌ಎಂ ಬಿಟ್ಟುಹೋಗಲಿಲ್ಲವಾದ್ದರಿಂದ, ಮುಳ್ಳನ್ನು ಸ್ವಲ್ಪ ಸರಿಸಿದವರಿಗೆ ಸೋಫಾ ರಿಯಾಯಿತಿಯ ಜಾಹೀರಾತಾದರೂ ಸಿಕ್ಕಿತು.

ಉಳಿದದ್ದು ಸಿಡಿ. ಇದೊಂದು ಭಾಗಕ್ಕೆ ಯಾವ ಸರ್ಕಾರದ ಹಂಗೂ ಇಲ್ಲ. 1982ರಲ್ಲಿ ಮಾರುಕಟ್ಟೆಗೆ ಬಂದಾಗ ಇದ್ದ 12 ಸೆಂಟಿಮೀಟರ್ ತಟ್ಟೆ ಇಂದಿಗೂ ಅಷ್ಟೇ ಅಗಲವಿದೆ. ಅದಕ್ಕೆ ಬೇಸಿಗೆ ಗಾತ್ರ, ಚಳಿಗಾಲದ ಗಾತ್ರ ಎಂದಿಲ್ಲ. ಸೆಕೆಂಡಿಗೆ 44,100 ಮಾದರಿಗಳಂತೆ ದಾಖಲಾದ ಸಂಗೀತವನ್ನು ತಾಳ ತಪ್ಪದೆ ಓದಲು ಸಿಡಿ ಭಾಗದಲ್ಲಿ ಒಂದು ಸ್ಫಟಿಕ ಇದ್ದೇ ಇರುತ್ತದೆ, ಮತ್ತು ಆ ಸ್ಫಟಿಕಕ್ಕೆ ಕೊಸೊವೊ ಯಾವ ದಿಕ್ಕಿಗಿದೆ ಎಂಬುದೂ ಗೊತ್ತಿಲ್ಲ. ಅಂದರೆ ಆ ಚಳಿಗಾಲದುದ್ದಕ್ಕೂ, ಒಂದು ಸೆಕೆಂಡ್ ಎಂದರೆ ಎಷ್ಟು ಎಂಬುದನ್ನು ಖಚಿತವಾಗಿ ಬಲ್ಲ ಒಬ್ಬ ನೌಕರ, ಅದನ್ನು ಅರಿಯದೆ ಖಂಡವನ್ನೆಲ್ಲ ವಿಚಾರಿಸುತ್ತಿದ್ದ ಇನ್ನೊಬ್ಬ ನೌಕರನ ಪಕ್ಕದಲ್ಲಿಯೇ, ಎರಡು ಅಂಗುಲ ದೂರದಲ್ಲಿ ಕುಳಿತಿದ್ದ. ಒಂದೇ ಕಟ್ಟಡದ ಎರಡು ಇಲಾಖೆಗಳು ಪರಸ್ಪರ ಕಡತ ಕಳುಹಿಸದಿರುವ ಸಂಪ್ರದಾಯ ವಿಧಾನಸೌಧಕ್ಕೆ ಮಾತ್ರ ಮೀಸಲೆಂದು ತಿಳಿದಿದ್ದವರು ಈ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಬೇಕು.

ಸಿಡಿಯ ಸ್ವಾತಂತ್ರ್ಯದಲ್ಲೂ ಒಂದು ಅಡಚಣೆ ಇದೆ ಎನ್ನುವುದನ್ನು ಮರೆಮಾಚುವಂತಿಲ್ಲ. ಅಲಾರಂ ಹೊಡೆದಾಗಲೆಲ್ಲ ಅದು ಮೊದಲನೆಯ ಹಾಡಿನಿಂದಲೇ ಆರಂಭಿಸುತ್ತದೆ. ಹಾಗಾಗಿ ಊರಿನಿಂದ ತಂದ ದಾಸರ ಪದಗಳ ತಟ್ಟೆಯಲ್ಲಿ ಎರಡನೆಯ ಪದ ಯಾವುದೆಂದು ಮನೆಯಲ್ಲಿ ಯಾರಿಗೂ ತಿಳಿಯದೆ ವರ್ಷಗಳು ಉರುಳುತ್ತವೆ. ಗೀರು ಬಿದ್ದ ಮೇಲಂತೂ ಮೊದಲ ಪದದ ಪಲ್ಲವಿಯ ಅರ್ಧ ಸಾಲು ಮಾತ್ರ ಉಳಿದು, ಅದನ್ನು ಕೆಳಗಿನ ಮನೆಯ ಸ್ವಿಸ್ ಅಜ್ಜಿಯೂ ಕಲಿತುಬಿಡುತ್ತಾರೆ.

ಇಂಥ ಪೆಟ್ಟಿಗೆಯನ್ನು ಬಿಸಾಡಬಾರದೇ ಎಂದು ಕೇಳುವವರುಂಟು. ಬಿಸಾಡಬಹುದು, ಅದಕ್ಕೆ ಯಾವ ತೊಡಕೂ ಇಲ್ಲ. ಸ್ವಿಟ್ಜರ್ಲೆಂಡಿನಲ್ಲಿ ವಿದ್ಯುತ್ ಉಪಕರಣ ಕೊಳ್ಳುವಾಗಲೇ ಅದರ ವಿಲೇವಾರಿಯ ಶುಲ್ಕವನ್ನು ಬೆಲೆಯಲ್ಲಿ ಸೇರಿಸಿ ವಸೂಲು ಮಾಡಿರುತ್ತಾರೆ. ಕೆಟ್ಟ ಮೇಲೆ ಅಂಥ ಉಪಕರಣ ಮಾರುವ ಯಾವ ಅಂಗಡಿಗೆ ಒಯ್ದರೂ ಬಿಲ್ ಕೇಳದೆ, ಕಾಸು ಕೇಳದೆ ಹಿಂದಕ್ಕೆ ಪಡೆಯಬೇಕು. ಈ ಪೆಟ್ಟಿಗೆಯ ಬಾಳಿನಲ್ಲಿ ಅಧಿಕಾರಸ್ಥರು ವೇಳೆಗೆ ಮುಂಚೆಯೇ, ಯಾವ ಭಿನ್ನಮತವೂ ಇಲ್ಲದೆ ಏರ್ಪಾಟು ಮಾಡಿ ಮುಗಿಸಿದ ಕಾರ್ಯವೆಂದರೆ ಅದರ ಉತ್ತರಕ್ರಿಯೆ ಒಂದೇ.