ಟೆಸ್ಟರ್ ಹಿಡಿದವನ ರಾತ್ರಿ ಪಾಳಿ

ಜನವರಿಯಲ್ಲಿ ಮೋಡ ಕಟ್ಟಿದರೆ ಮೂಡಿಗೆರೆ ಕಡೆಯ ಕಾಫಿ ತೋಟದವರಿಗೆ ಅನ್ನ ಸೇರುವುದಿಲ್ಲ. ಕಣದಲ್ಲಿ ಹರಡಿದ ಕಾಫಿ ನೆನೆದರೆ ವರ್ಷದ ದುಡಿಮೆಯೇ ನೆನೆದಂತೆ. ನಾನು ಮಾತ್ರ ಆ ದಿನ ಎರಡು ಕಡುಬು ಜಾಸ್ತಿಯೇ ತಿಂದೆ. ನಮ್ಮಲ್ಲಿ ಕಾಫಿ ತಿರುಗಿಸುತ್ತ ಬಿಸಿಗಾಳಿಯಲ್ಲಿ ಒಣಗಿಸುವ ಡ್ರಮ್ ಡ್ರೈಯರ್ ಇತ್ತಲ್ಲ!

ರಾತ್ರಿ ಒಂಬತ್ತಕ್ಕೆ ಡ್ರಮ್ ನಿಲ್ಲಿಸಿ, ಹೊರಗಿನ ತಗಡಿನ ಬಾಗಿಲು ತೆಗೆದು, ಒಂದು ಹಿಡಿ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ಸುಲಿದ ಕಾಫಿ ಬೀಜ, ತೆಗೆದೆ. ತೇವದ ಮೀಟರ್ 14 ಅಂದಿತು. ಶೇಕಡಾ 10ಕ್ಕಾದರೂ ಇಳಿಯಬೇಕು. ಬಾಗಿಲು ಹಾಕಿ ಹಸಿರು ಬಟನ್ ಒತ್ತಿದೆ. ಸದ್ದೇ ಇಲ್ಲ.

"ಬಾಗ್ಲು ಸರಿಯಾಗಿ ಹಾಕಿದ್ರಾ ಅಯ್ಯಾ?" ಎಂದಳು ಕಣ ಕಾಯುವ ಅಜ್ಜಿ.

"ಇದು ಕರೆಂಟಿನ ವಿಷಯ, ನೀನು ಸುಮ್ನಿರಜ್ಜಿ" ಎಂದೆ. ಒಲೆಯ ಸೌದೆಯನ್ನೆಲ್ಲ ಹೊರಗೆಳೆದು ಹಾಕಿದೆವು. ನಿಂತ ಡ್ರಮ್ಮಿಗೆ ಬಿಸಿಗಾಳಿ ಹೊಡೆದರೆ ಒಂದೇ ಕಡೆ ಕಾಫಿ ಬೆಂದುಹೋಗುತ್ತದೆ.

ಪ್ಯಾನೆಲ್ ತೆಗೆದರೆ ಒಳಗೆ ಹಲ್ಲಿ ಮೊಟ್ಟೆ. ಮೂರೂ ಫೇಸ್ ಇತ್ತು. ಮೋಟಾರಿಗೆ ಹೊರೆ ಹೆಚ್ಚಾದರೆ ಕರೆಂಟ್ ಕಡಿಯುವ ಓವರ್‌ಲೋಡ್ ರಿಲೇ ಟ್ರಿಪ್ ಆಗಿರಲಿಲ್ಲ, ಆದರೂ ಸಮಾಧಾನಕ್ಕೆ ನಾಲ್ಕು ಸಲ ರಿಸೆಟ್ ಒತ್ತಿದೆ. ಎಲೆಕ್ಟ್ರಿಷಿಯನ್‌ಗೆ ಫೋನ್ ಹಚ್ಚಿದರೆ ಅವನು ಯಾರದೋ ಮದುವೆಯಲ್ಲಿದ್ದ. ವಾಲಗದ ನಡುವೆ ಕೇಳಿಸಿದ್ದು ಒಂದೇ ಮಾತು: "ಕಾಯಿಲ್ ಹೋಗಿರ್ಬೇಕು ಸಾರ್!"

ಮೇನ್ ಇಳಿಸಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್ಚಿನ, ಅಂದರೆ ಕಾಂಟ್ಯಾಕ್ಟರಿನ, ಕಾಯಿಲ್ ಬದಲಿಸಿದೆ. ಒಂದು ಗಂಟೆ ಹಿಡಿಯಿತು. ಒಂದು ಸ್ಕ್ರೂ ಎಲ್ಲೋ ಹಾರಿ ಕಳೆದೇಹೋಯಿತು. ಬಟನ್ ಒತ್ತಿದರೆ ಮತ್ತದೇ ಮೌನ. ಆಮೇಲೆ ಬುದ್ಧಿ ಬಂತು. ಬಟನ್ ಒತ್ತಿಸಿ ಕಾಯಿಲಿನ ಎರಡು ತುದಿಗೆ ಮೀಟರ್ ಹಿಡಿದೆ: ಸೊನ್ನೆ. ಕರೆಂಟೇ ಬಾರದಿದ್ದರೆ ಹಳೇ ಕಾಯಿಲ್ ಪಾಪ ಏನು ಮಾಡೀತು? ಮೊದಲೇ ನೋಡಬೇಕಾಗಿತ್ತು, ಅಲ್ವಾ?

ಒಂದೊಂದೇ ವೈರ್ ಹಿಡಿದು ಹೋದೆ. ಸ್ಟಾಪ್ ಬಟನ್ ದಾಟಿ 230 ವೋಲ್ಟ್. ಓವರ್‌ಲೋಡ್ ರಿಲೇಯ ಮೇಲೆ 95 ಎಂದು ಬರೆದ ತುದಿಯಲ್ಲಿ ಇದೆ, 96ರಲ್ಲೂ ಇದೆ. ಮುಂದಿನ ವೈರು ಪ್ಯಾನೆಲ್ ಬಿಟ್ಟು, ಪೈಪಿನೊಳಗೆ ನುಗ್ಗಿ, ಗೋಡೆ ಬಳಸಿ, ನೆಟ್ಟಗೆ ಆ ತಗಡಿನ ಬಾಗಿಲಿಗೇ ಹೋಗಬೇಕೇ!

ಅಲ್ಲಿ ಲಿಮಿಟ್ ಸ್ವಿಚ್. ಬಾಗಿಲು ಪೂರ್ತಿ ಕೂತು ಅದರ ನಾಲಿಗೆ ಒತ್ತಿದರೆ ಮಾತ್ರ ಡ್ರಮ್ಮಿಗೆ ಅಪ್ಪಣೆ. ನನಗಿಂತ ಮೊದಲೇ ಅಜ್ಜಿ ಅಲ್ಲಿ ಕೂತಿದ್ದಳು. ಬಾಗಿಲ ಸಂದಿಗೆ ಉಗುರು ಹಾಕಿ, ಅಲ್ಲಿ ಸಿಕ್ಕಿಕೊಂಡಿದ್ದ ಒಂದು ಕಾಳು ಕಿತ್ತಳು. ಬಾಗಿಲು 'ಟಕ್' ಎಂದಿತು.

ಅವಳು ಕಾಳನ್ನು ನನ್ನ ಕೈಗೆ ಕೊಡಲಿಲ್ಲ. ಬಾಯಿಗೆ ಹಾಕಿ ಕಚ್ಚಿ ನೋಡಿದಳು.

"ಇನ್ನೂ ಒಣಗಿಲ್ಲ ಅಯ್ಯಾ, ಹಾಕಿ ಬಟನ್ನು."