ರೈಟ್ ಕ್ಲಿಕ್ ಮಾಡಿದರೆ ಜೋಕೆ!

ಮಂಗಳೂರಿನ ಹಂಪನಕಟ್ಟೆಯ ಸೈಬರ್ ಅಂಗಡಿಯೊಂದರಲ್ಲಿ ಸ್ವಲ್ಪ ಹೊತ್ತು ಕೂತು ನೋಡಿ. ಸರ್ಕಾರಿ ವೆಬ್‌ಸೈಟಿನಲ್ಲಿ ಅರ್ಜಿ ತುಂಬಿ ಆಗಿದೆ, ಹಣ ಕಟ್ಟಿ ಆಗಿದೆ. ಪರದೆಯ ಮೇಲೆ ಉದ್ದದ ಸ್ವೀಕೃತಿ ಸಂಖ್ಯೆ ಮೂಡಿದೆ. ಅಂಗಡಿಯ ಹುಡುಗ ಅದನ್ನು ಕಾಪಿ ಮಾಡೋಣ ಅಂತ ಮೌಸಿನ ಬಲಗಡೆ ಬಟನ್ ಒತ್ತುತ್ತಾನೆ. ಟಣ್ ಅಂತ ಒಂದು ಪೆಟ್ಟಿಗೆ ಎದ್ದು ನಿಲ್ಲುತ್ತದೆ: ‘ಭದ್ರತೆಯ ದೃಷ್ಟಿಯಿಂದ ರೈಟ್ ಕ್ಲಿಕ್ ನಿಷೇಧಿಸಲಾಗಿದೆ.’ ಹುಡುಗ ಬೇಸರ ಕೂಡ ಮಾಡಿಕೊಳ್ಳುವುದಿಲ್ಲ. ಜೇಬಿನಿಂದ ಮೊಬೈಲ್ ತೆಗೆದು ಪರದೆಯ ಫೋಟೊ ಹೊಡೆದು ಗಿರಾಕಿಯ ವಾಟ್ಸಾಪಿಗೆ ಕಳಿಸುತ್ತಾನೆ. ಗಿರಾಕಿ ಕನ್ನಡಕ ಏರಿಸಿ, ನಡುವೆ ಇರುವುದು ಸೊನ್ನೆಯೋ ಇಂಗ್ಲಿಷಿನ ‘ಓ’ ಅಕ್ಷರವೋ ಅಂತ ದೊಡ್ಡದು ಮಾಡಿ ನೋಡುತ್ತಾರೆ. ಡಿಜಿಟಲ್ ಸೇವೆ ಅಂದರೆ ಇದೇ ಮಾರಾಯ್ರೆ.

ಈ ಭದ್ರತೆ ಎಷ್ಟು ಗಟ್ಟಿ ಅಂತೀರಿ? ಒಂದೇ ಸಾಲು ಕೋಡ್. ಬಲ ಬಟನ್ ಒತ್ತಿದ ಕೂಡಲೇ ಬ್ರೌಸರು ಪುಟಕ್ಕೆ ‘ಕಾಂಟೆಕ್ಸ್ಟ್‌ಮೆನು’ ಅನ್ನುವ ಸುದ್ದಿ ಮುಟ್ಟಿಸುತ್ತದೆ. ಪುಟ ಸುಮ್ಮನಿದ್ದರೆ ಮಾಮೂಲಿ ಮೆನು ತೆರೆಯುತ್ತದೆ. ಪುಟ ‘ಬೇಡ’ ಅಂದರೆ ತೆರೆಯುವುದಿಲ್ಲ. ಕೋಟೆ ಅಷ್ಟೇ. ಫೈರ್‌ಫಾಕ್ಸಿನಲ್ಲಿ ಶಿಫ್ಟ್ ಒತ್ತಿಹಿಡಿದು ರೈಟ್ ಕ್ಲಿಕ್ ಮಾಡಿ, ಪುಟದ ಅಪ್ಪಣೆಗೆ ಕಾಯದೆ ಮೆನು ಹಾಜರಾಗುತ್ತದೆ. ಪುಟದೊಳಗಿನ ಇಂಥ ಸಾಲುಗಳ ಭಾಷೆಯಾದ ಜಾವಾಸ್ಕ್ರಿಪ್ಟನ್ನು ಬ್ರೌಸರಿನಲ್ಲಿ ಆಫ್ ಮಾಡಿದರೆ ಕಾವಲುಗಾರನೇ ಡ್ಯೂಟಿಗೆ ಬರುವುದಿಲ್ಲ. ಅಷ್ಟಕ್ಕೂ ಆ ಪುಟ ಆಗಲೇ ನನ್ನ ಕಂಪ್ಯೂಟರಿಗೆ ಬಂದು ಕೂತಿದೆ. ಎಲೆಗೆ ಬಡಿಸಿ ಆದ ಮೇಲೆ ಅಡುಗೆಮನೆಗೆ ಬೀಗ ಜಡಿದರೆ ಯಾರ ಊಟ ನಿಲ್ಲುತ್ತದೆ? ಕದಿಯುವವನಿಗೆ ಈ ಉಪಾಯಗಳೆಲ್ಲ ಬಾಯಿಪಾಠ. ಸಿಕ್ಕಿಬೀಳುವವರು ಸ್ವೀಕೃತಿ ಸಂಖ್ಯೆ ಬೇಕಾದ ಪಾಪದವರು.

ಇನ್ನು ಈ ವೆಬ್‌ಸೈಟಿನವರು ಕಾಯುತ್ತಿರುವ ನಿಧಿಯನ್ನಾದರೂ ನೋಡೋಣ. ಸುತ್ತೋಲೆ, ನಮೂನೆ, ಶುಲ್ಕದ ಪಟ್ಟಿ, ಅಧಿಕಾರಿಗಳ ಫೋನ್ ನಂಬರು. ನಾಲ್ಕು ಜನಕ್ಕೆ ಮುಟ್ಟಲಿ ಅಂತಲೇ ಹಾಕಿದ್ದು, ಅಲ್ವಾ? ಸರ್ಕಾರದ ಗೆಜೆಟಿನಲ್ಲಿ ಬಂದ ಅಧಿಸೂಚನೆಯನ್ನು ನಕಲು ಮಾಡಿದರೆ ತಪ್ಪಲ್ಲ ಅಂತ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲೇ ಉಂಟು. ಕಾಯ್ದೆ ಬಿಟ್ಟರೂ ಮೌಸ್ ಬಿಡುವುದಿಲ್ಲ. ಇನ್ನೂ ತಮಾಷೆ ಎಂತ ಅಂದರೆ, ಇವುಗಳಲ್ಲಿ ಎಷ್ಟೋ ಕಡತಗಳು ಇವತ್ತಿಗೂ ಹಳೇ ನುಡಿ ಫಾಂಟಿನವು, ಎಲ್ಲ ಕಂಪ್ಯೂಟರು, ಮೊಬೈಲುಗಳಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ಹೇಗೋ ಕಷ್ಟಪಟ್ಟು ‘ಕನ್ನಡ’ ಅನ್ನುವ ಪದ ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದಿರಿ ಅನ್ನಿ. ಅಲ್ಲಿ ಮೊದಲಿಗೆ ಒಂದು ದೊಡ್ಡ ‘ಪಿ’, ಆಮೇಲೆ ತಲೆ ಮೇಲೆ ಗೀಟು ಹೊತ್ತ ‘ಎ’, ಅದರ ಪಕ್ಕ ಬ್ರಿಟಿಷರ ಪೌಂಡಿನ ಗುರುತು. ಕದ್ದವನಿಗೇ ಓದಲು ಬಾರದ ಮಾಲು. ಇದಕ್ಕಿಂತ ದೊಡ್ಡ ಭದ್ರತೆ ಬೇಕಾ?

ಆದರೂ ಜನ ಗೊಣಗುತ್ತಲೇ ಇದ್ದರು. ಹಾಗಾಗಿ ಕರಾವಳಿಯ ಒಂದು ಕಚೇರಿಯವರು ತಮ್ಮದೇ ರೈಟ್ ಕ್ಲಿಕ್ ಮೆನು ಮಾಡಿಸಲು ಹೊರಟರಂತೆ. ಹೆಸರು ಬೇಡ, ನಾಳೆ ನನ್ನ ಅರ್ಜಿಯೂ ಅಲ್ಲಿಗೇ ಹೋಗಬೇಕು. ಮೆನುವಿನಲ್ಲಿ ಏನೇನಿರಬೇಕು ಅಂತ ಸಭೆ ಆಯಿತು, ಗೋಳಿಬಜೆ ಬಂತು, ಚಾ ಬಂತು. ‘ಕಾಪಿ’ ಇರಲಿ ಅಂದ ಹೊಸ ಹುಡುಗನನ್ನು ಎಲ್ಲರೂ ತಿರುಗಿ ನೋಡಿದರು. ಕೊನೆಗೆ ಮೊದಲ ಸಾಲು ‘ಮಾನ್ಯ ಅಧ್ಯಕ್ಷರ ಸಂದೇಶ’ ಅಂತ ಆಯಿತು. ಎರಡನೆಯದು ‘ನಮ್ಮ ಸಾಧನೆಗಳು’. ಮೂರನೆಯದು ‘ಛಾಯಾಚಿತ್ರ ಸಂಪುಟ’. ‘ದೂರು ಸಲ್ಲಿಸಿ’ ಕೂಡ ಇರಲಿ ಅಂತ ಒಪ್ಪಿದರು, ಬಣ್ಣ ಸ್ವಲ್ಪ ಮಸುಕಾಗಿರಬೇಕು ಅನ್ನುವ ಷರತ್ತಿನೊಂದಿಗೆ.

ರೈಟ್ ಕ್ಲಿಕ್ ಮೆನುವಿನ ಮರ್ಮವೇ ಅದು ಎಲ್ಲಿ ಒತ್ತಿದ್ದಾರೆ ಅಂತ ನೋಡಿ ಬದಲಾಗುವುದು. ಲಿಂಕಿನ ಮೇಲೆ ಒತ್ತಿದರೆ ಹೊಸ ಟ್ಯಾಬ್, ಚಿತ್ರದ ಮೇಲೆ ಒತ್ತಿದರೆ ಸೇವ್, ಅಕ್ಷರಗಳನ್ನು ಆರಿಸಿ ಒತ್ತಿದರೆ ಕಾಪಿ. ಇಲ್ಲಿ ಹಾಗಲ್ಲ. ಎಲ್ಲಿ ಒತ್ತಿದರೂ ಅಧ್ಯಕ್ಷರೇ.

ಅಧ್ಯಕ್ಷರೂ ಪೂರ್ತಿ ಕಾಣುವುದಿಲ್ಲ ಅನ್ನಿ. ಪೆಟ್ಟಿಗೆಯ ಅಗಲ ಇಂಗ್ಲಿಷಿನ ಸಣ್ಣ ಪದಗಳ ಲೆಕ್ಕಕ್ಕೆ ಇಟ್ಟದ್ದು. ಕನ್ನಡ ಹಾಕಿದಾಗ ‘ಮಾನ್ಯ ಅಧ್ಯ’ ಅನ್ನುವಲ್ಲಿಗೆ ನಿಂತು ಮೂರು ಚುಕ್ಕಿ. ಪರದೆಯ ಕೆಳಗಿನ ಬಲ ಮೂಲೆಯಲ್ಲಿ ಒತ್ತಿದರೆ ಮೆನುವಿನ ಮುಕ್ಕಾಲು ಭಾಗ ಪರದೆಯಿಂದ ಆಚೆ, ಪಣಂಬೂರಿನ ಸಮುದ್ರದ ಕಡೆಗೆ. ತೆರೆಯುವ ಮೊದಲು ಮೆನುವಿನ ಉದ್ದಗಲ ಅಳೆದು, ಜಾಗ ಸಾಲದಿದ್ದರೆ ಎಡಕ್ಕೋ ಮೇಲಕ್ಕೋ ತಿರುಗಿಸಬೇಕು. ಇದು ಈ ಕೆಲಸ ಕಲಿಯುವವರ ಮೊದಲ ಪಾಠ. ಅಳೆಯುವ ಕೆಲಸ ಸರ್ವೆ ಇಲಾಖೆಯದ್ದು ಅಂದುಕೊಂಡರೋ ಏನೋ.

ತೆರೆದದ್ದು ಮುಚ್ಚುವುದೂ ಇಲ್ಲ. ಎಸ್ಕೇಪ್ ಒತ್ತಿದರೆ ಇಲ್ಲ, ಹೊರಗೆಲ್ಲೋ ಕ್ಲಿಕ್ ಮಾಡಿದರೂ ಇಲ್ಲ. ಇನ್ನೊಮ್ಮೆ ರೈಟ್ ಕ್ಲಿಕ್ ಮಾಡಿದರೆ ಹಳೇ ಮೆನುವಿನ ಮೇಲೆ ಹೊಸ ಮೆನು. ಅಂಗಡಿಯ ಹುಡುಗ ಪರದೆ ತುಂಬ ಅಧ್ಯಕ್ಷರನ್ನು ಹರಡಿಕೊಂಡು ‘ಎಂಚಿ ಸಾವುಯಾ’ (ಎಂಥ ಸಾವು ಮಾರಾಯ) ಅಂತ ತಲೆಗೆ ಕೈ ಹಚ್ಚಿದ. ಕೀಬೋರ್ಡಿನಲ್ಲೇ ಕೆಲಸ ಮಾಡುವವರು, ಕಣ್ಣು ಕಾಣದೆ, ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರು ಶಿಫ್ಟ್ ಮತ್ತು ಎಫ್10 ಒತ್ತಿ ಮೆನು ತೆರೆಯುತ್ತಾರೆ, ಬಾಣದ ಕೀಲಿಗಳಲ್ಲಿ ಇಳಿಯುತ್ತಾರೆ. ಅಂಥವರಿಗೆ ಈ ಮೆನು ಬಾಯೇ ಬಿಡುವುದಿಲ್ಲ. ಅಂಗವಿಕಲರಿಗೂ ಬಳಸಲು ಬರುವಂತೆ ಸರ್ಕಾರಿ ವೆಬ್‌ಸೈಟು ಇರಬೇಕು ಅಂತ ಕೇಂದ್ರದ ಮಾರ್ಗಸೂಚಿ 2009ರಲ್ಲೇ ಬಂದಿತ್ತು. ಅದನ್ನು ಯಾವುದಾದರೂ ವೆಬ್‌ಸೈಟಿಗೆ ಹಾಕಿರುತ್ತಾರೆ. ಕಾಪಿ ಮಾಡಲು ಬಂದಿರಲಿಕ್ಕಿಲ್ಲ.

ಅರ್ಧ ಊರು ಅರ್ಜಿ ಹಾಕುವುದು ಮೊಬೈಲಿನಲ್ಲಿ. ಅದರಲ್ಲಿ ಬಲ ಬಟನ್ ಎಲ್ಲಿಂದ ಬರಬೇಕು ಅಂತ ಸಭೆಯಲ್ಲಿ ಯಾರೂ ಕೇಳಲಿಲ್ಲ.

ನಮ್ಮವರನ್ನೇ ಬೈಯುವುದು ಸರಿಯಲ್ಲ, ದೊಡ್ಡವರ ಮನೆಯ ಕತೆಯೂ ಹೀಗೇ. 2021ರಲ್ಲಿ ಬಂದ ವಿಂಡೋಸ್ 11ರಲ್ಲಿ ರೈಟ್ ಕ್ಲಿಕ್ ಮೆನುವನ್ನು ಚಂದ ಮಾಡಿ ಚಿಕ್ಕದು ಮಾಡಿದರು. ಕೊನೆಯಲ್ಲಿ ‘ಇನ್ನಷ್ಟು ಆಯ್ಕೆಗಳನ್ನು ತೋರಿಸು’ ಅಂತ ಒಂದು ಸಾಲು ಇಟ್ಟರು. ಅದನ್ನು ಒತ್ತಿದರೆ ಹಳೇ ಮೆನುವೇ ಬರುತ್ತದೆ. ನಮ್ಮ ಕಚೇರಿಗಾದರೆ 1984ರ ಮ್ಯಾಕಿಂಟಾಷ್ ಸಾಕಿತ್ತು. ಅದರ ಮೌಸಿಗೆ ಇದ್ದದ್ದೇ ಒಂದು ಬಟನ್.

ನಮ್ಮ ಬೇಡಿಕೆ ಸಣ್ಣದು. ಆ ಒಂದು ಸಾಲು ಅಳಿಸಿ, ಬ್ರೌಸರಿನ ಮಾಮೂಲಿ ಮೆನುವನ್ನು ಅದರ ಪಾಡಿಗೆ ಬಿಡಿ. ಸ್ವೀಕೃತಿ ಸಂಖ್ಯೆಯ ಪಕ್ಕ ‘ಕಾಪಿ’ ಅಂತ ಒಂದು ಬಟನ್ ಇಡಿ. ಅದರ ಉದ್ಘಾಟನೆಗೆ ಅಧ್ಯಕ್ಷರೇ ಬರಲಿ, ಪುರಭವನದಲ್ಲಿ ಶಾಮಿಯಾನ ಹಾಕಿ, ಚೆಂಡೆ ಕೂಡ ಬಾರಿಸಿ. ನಮ್ಮದೇನೂ ಅಡ್ಡಿಯಿಲ್ಲ.